ಥಾರ್ನ್‌ಲೋ ಚರ್ಚಿನ ಬೀಗದಕೈ

ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತ ಆಲ್ವಿನ್ "ಇವತ್ತು ಥಾರ್ನ್‌ಲೋ ಕಡೆ ಹೋಗೋಣ್ವಾ" ಎಂದಾಗಿನಿಂದ ಗ್ಲೆನಿಸ್ ತೊಳೆದ ಕಪ್ಪನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಅವನು ಆ ಮಾತನ್ನು ಅವಳ ಮುಖ ನೋಡಿ ಹೇಳಲಿಲ್ಲ, ಬೆಣ್ಣೆಗೆ ಹೇಳಿದ. ಮದುವೆಯಾಗಿ ಆರು ವರ್ಷ. ಮಳೆಯಿಲ್ಲದ ಒಂದು ಶನಿವಾರವನ್ನೂ ಬಿಡದೆ ಇಬ್ಬರೂ ಹಳ್ಳಿ ಹಳ್ಳಿಯ ಹಳೇ ಚರ್ಚುಗಳನ್ನು ನೋಡಿಕೊಂಡು ಬಂದಿದ್ದರು. ಗೋಪುರ ವಾಲಿದ್ದು, ಗೋಡೆಯ ಚಿತ್ರದಲ್ಲಿ ಸೈತಾನನ ಮುಖ ಮಾತ್ರ ಉಳಿದದ್ದು, ಹಂದಿ ಸಾಕುವವರ ಅಂಗಳ ದಾಟಿ ಹೋಗಬೇಕಾದದ್ದು, ಸೂರು ಬಿದ್ದು ಒಳಗೆ ಕುರಿ ಮೇಯುವ ಸನ್ಯಾಸಿಗಳ ಪಾಳುಮಠಗಳು, ಒಂದೇ ಎರಡೇ. ಆದರೆ ಲೆಡ್‌ಬರಿಯ ತಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಥಾರ್ನ್‌ಲೋ ಕಡೆಗೆ ಅವರ ಕಾರಿನ ಮೂತಿ ಒಮ್ಮೆಯೂ ತಿರುಗಿರಲಿಲ್ಲ. ಥಾರ್ನ್‌ಲೋದಲ್ಲಿ ಥೆಲ್ಮಾ ಇದ್ದಳು. ಆಲ್ವಿನ್‌ನ ಮೊದಲ ಹೆಂಡತಿ. ಅವಳು ಮಣ್ಣಿಗೆ ಹೋಗಿ ಎಂಟು ವರ್ಷವಾಗಿದ್ದರೂ ಗ್ಲೆನಿಸ್‌ಳ ಮನಸ್ಸಿನಲ್ಲಿ ಆ ಊರಿನ ಹೆಸರಿನ ಜೊತೆಗೆ "ಇದ್ದಳು" ಎಂದೇ ಬರುತ್ತಿತ್ತು, ಅಲ್ಲಿ ಅವಳಿಗೊಂದು ಮನೆ ಇರುವ ಹಾಗೆ, ಒಲೆಯ ಮೇಲೆ ಕೆಟಲ್ ಇಟ್ಟು ಕಾಯುತ್ತಿರುವ ಹಾಗೆ.

ಹೋದ ವಾರದ ಆ ಮಾತು ಕಿವಿಗೆ ಬೀಳದೇ ಇದ್ದಿದ್ದರೆ ಇಷ್ಟು ಕಸಿವಿಸಿ ಆಗುತ್ತಿರಲಿಲ್ಲ. ಹೋದ ವಾರ ಒಗೆದ ಟವೆಲ್ಲುಗಳನ್ನು ತೋಳಿನ ಮೇಲೆ ಹಾಕಿಕೊಂಡು ಅವಳು ಮೆಟ್ಟಿಲು ಇಳಿಯುತ್ತಿದ್ದಾಗ ಆಲ್ವಿನ್ ಕೆಳಗೆ ಫೋನಿನಲ್ಲಿ ಮಾತಾಡುತ್ತಿದ್ದ. "ಇಲ್ಲ ಮಿಸೆಸ್ ಪ್ರಾಸರ್, ಆ ಜಾಗ ಬಿಟ್ಟುಕೊಡಬೇಡಿ. ನಾನೇ ಬಂದು ಹೇಳ್ತೀನಿ." ಯಾವ ಜಾಗ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಥಾರ್ನ್‌ಲೋ ಚರ್ಚಿನ ಸಮಾಧಿ ಅಂಗಳ ತುಂಬುತ್ತ ಬಂದಿದೆ, ಇನ್ನು ಹೊಸದಾಗಿ ಜಾಗ ಸಿಗುವುದು ಕಷ್ಟವಂತೆ ಎಂಬ ಸುದ್ದಿ ಸ್ಥಳೀಯ ಪತ್ರಿಕೆಯಲ್ಲೂ ಬಂದಿತ್ತು, ಕೆಳಗೆ ವಿಚಾರಿಸಲು ಮಿಸೆಸ್ ಪ್ರಾಸರ್ ಎಂಬ ಹೆಸರೂ ಇತ್ತು. ಥೆಲ್ಮಾಳ ಪಕ್ಕದ ತನ್ನ ಜಾಗ ಕೈತಪ್ಪದ ಹಾಗೆ ಆಲ್ವಿನ್ ನೋಡಿಕೊಳ್ಳುತ್ತಿದ್ದಾನೆ. ನೋಡಿಕೊಳ್ಳಲಿ. ನಲವತ್ತು ವರ್ಷ ಬಾಳಿದವರು. ತಾನು ಬಂದದ್ದು ನಿನ್ನೆ ಮೊನ್ನೆ. ಆದರೆ ಹಾಗಾದರೆ ನನ್ನನ್ನು ಎಲ್ಲಿ ಹಾಕುತ್ತಾರೆ, ಎಂಬ ಪ್ರಶ್ನೆ ಆ ಮೆಟ್ಟಿಲ ಮೇಲೆ ಹುಟ್ಟಿಕೊಂಡದ್ದು ಮತ್ತೆ ಹೋಗಲೇ ಇಲ್ಲ. ಅಂಗಡಿಯಲ್ಲಿ ಈರುಳ್ಳಿ ಆರಿಸುವಾಗ ಬಂತು, ಟಿವಿಯಲ್ಲಿ ತೋಟದ ಕಾರ್ಯಕ್ರಮ ನೋಡುವಾಗ ಬಂತು. ಅರವತ್ಮೂರು ವರ್ಷದ ಹೆಂಗಸು, ಹಲ್ಲಿನ ಡಾಕ್ಟರರ ಮುಂಬಾಗಿಲಲ್ಲಿ ಕೂತು ಮೂವತ್ತು ವರ್ಷ ಊರವರ ಸರದಿ ಕರೆದವಳು, ತನ್ನ ಸರದಿ ಎಲ್ಲಿ ಎಂದು ಗಂಡನನ್ನು ಕೇಳಲು ನಾಲಿಗೆ ಏಳದೆ ಒದ್ದಾಡುವುದು ಅವಳಿಗೇ ನಾಚಿಕೆ ತರುತ್ತಿತ್ತು.

ಮಧ್ಯಾಹ್ನ ದಾರಿಯಲ್ಲಿ ಒಂದು ಪಾಳುಮಠದಲ್ಲಿ ನಿಂತರು. ಸನ್ಯಾಸಿಗಳು ಊಟ ಮಾಡುತ್ತಿದ್ದ ಸಾಲೆಯ ಗೋಡೆ ಮೊಣಕಾಲೆತ್ತರಕ್ಕೆ ಉಳಿದಿತ್ತು. ಅದರ ಮೇಲೆ ಕೂತು ಮೊಟ್ಟೆಯ ಸ್ಯಾಂಡ್‌ವಿಚ್ ತಿಂದರು. ಆಲ್ವಿನ್ ಕಮಾನೊಂದರ ಕಡೆ ಬೆರಳು ಮಾಡಿ, ಹೇಳು ನೋಡೋಣ, ಯಾವ ಕಾಲದ್ದು ಎಂದು ಕೇಳಿದ. ಭೂಗೋಳದ ಮೇಷ್ಟ್ರಾಗಿದ್ದವನು, ನಿವೃತ್ತನಾಗಿ ಎಷ್ಟೋ ವರ್ಷವಾದರೂ ಎದುರಿಗೆ ಯಾರಾದರೂ ಇದ್ದರೆ ಪ್ರಶ್ನೆ ಕೇಳದೆ ಇರಲಾರ. ನಾರ್ಮನ್ ಎಂದಳು. ಅವಳು ಯಾವಾಗಲೂ ನಾರ್ಮನ್ ಎಂದೇ ಹೇಳುತ್ತಿದ್ದಳು. ಅರ್ಧಕ್ಕರ್ಧ ಸಲ ಸರಿಯಾಗುತ್ತಿತ್ತು. ಇವತ್ತು ತಪ್ಪಾಯಿತು. ಅವನು ನಕ್ಕ, ಬೈಯುವವನಲ್ಲ ಪಾಪ, ಆದರೆ ನಕ್ಕ ಮೇಲೆ ಅವನ ಕಣ್ಣು ಸ್ವಲ್ಪ ಹೊತ್ತು ಎಲ್ಲೋ ಹೋಗಿ ಬಂತು. ಎಲ್ಲಿಗೆ ಹೋಯಿತೆಂದು ಗೊತ್ತು. ಥೆಲ್ಮಾ ಕಲ್ಲನ್ನು ಮುಟ್ಟಿಯೇ ಶತಮಾನ ಹೇಳುತ್ತಿದ್ದಳಂತೆ. ಗ್ಲೆನಿಸ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಅವನು ಗೋಡೆಯ ನಟ್ಟನಡುವೆ ಕಾಲು ಚಾಚಿ ಕೂತಿದ್ದ, ಅವಳು ತುದಿಯಲ್ಲಿ, ಅರ್ಧ ಕುಂಡೆ ಹೊರಗೆ. ಮನೆಯ ಹಾಸಿಗೆಯಲ್ಲೂ ಹೀಗೆಯೇ. ಆಲ್ವಿನ್ ಹಾಸಿಗೆಯ ನಡುವೆ ಮಲಗುತ್ತಾನೆ. ಬಾಗಿಲ ಕಡೆಯ ಅಂಚಿನಲ್ಲಿ ಇನ್ನೊಬ್ಬರು ಮಲಗುವಷ್ಟು ಜಾಗ ಖಾಲಿ ಇರುತ್ತದೆ, ಕಿಟಕಿಯ ಕಡೆ ಅವಳು ಚಾದರದ ಅಂಚು ಹಿಡಿದುಕೊಂಡು ಬೀಳದ ಹಾಗೆ ಮಲಗಬೇಕು. ಮದುವೆಯಾದ ಮೊದಲ ವಾರವೇ ಸ್ವಲ್ಪ ಸರಿ ಮಾರಾಯ ಎಂದುಬಿಟ್ಟಿದ್ದರೆ ಮುಗಿದಿತ್ತು. ಅಂದು ಹೇಳಲಿಲ್ಲ. ಅಂದು ಹೇಳದ್ದನ್ನು ಎರಡನೇ ವರ್ಷ ಹೇಳಿದರೆ ಜಗಳವಾಗುತ್ತದೆ, ಆರನೇ ವರ್ಷ ಹೇಳಿದರೆ ಹುಚ್ಚು ಎನ್ನುತ್ತಾರೆ. ಆ ಖಾಲಿ ಅಂಚು ಯಾರದೆಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಹುಶಃ ಅವನಿಗೆ ಗೊತ್ತೂ ಇರಲಿಲ್ಲ.

ಥಾರ್ನ್‌ಲೋ ಅಂದರೆ ಹತ್ತು ಹನ್ನೆರಡು ಮನೆ, ಒಂದು ಅಂಚೆಪೆಟ್ಟಿಗೆ, ಸೇಬಿನ ತೋಟ, ಮೊಂಡು ಗೋಪುರದ ಗಿಡ್ಡ ಚರ್ಚು. ಬಾಗಿಲ ಮೇಲೆ ಎಲ್ಲ ಕಡೆ ಇರುವ ಹಾಗೆ ಚೀಟಿ, ಬೀಗದಕೈ ಎದುರಿನ ಹಸಿರು ಬಾಗಿಲ ಮನೆಯಲ್ಲಿ ಸಿಗುತ್ತದೆ ಎಂದು. ಬೀಗದಕೈ ತರುವುದು, ನೋಡಿ ಮುಗಿದ ಮೇಲೆ ಬೀಗ ಹಾಕಿ ವಾಪಸು ಕೊಡುವುದು ಯಾವಾಗಲೂ ಗ್ಲೆನಿಸ್‌ಳ ಕೆಲಸ. ಆಲ್ವಿನ್‌ನ ಮಂಡಿ ಸರಿಯಿಲ್ಲ, ಮೇಲಾಗಿ ಅವನು ಒಳಗಿನಿಂದ ಹೊರಬಿದ್ದ ಕೂಡಲೇ ಗೋಪುರ ನೋಡುತ್ತ ಹಿಂದೆ ಹಿಂದೆ ನಡೆದು ಕಾರಿನ ಹತ್ತಿರ ಹೋಗಿ ನಿಂತುಬಿಡುವ ಜಾತಿ. ಹಸಿರು ಬಾಗಿಲು ತೆರೆದವಳು ಎಪ್ಪತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು, ಕೈಯಲ್ಲಿ ಕೋಳಿಗೆ ಹಾಕುವ ಕಾಳಿನ ಡಬ್ಬಿ. ಮಿಸೆಸ್ ಪ್ರಾಸರ್. ಚರ್ಚಿನ ಉಸ್ತುವಾರಿ ಅವಳದೇ. ಬೀಗದಕೈ ಕೇಳಿದ್ದಕ್ಕೆ ಅವಳು ಗ್ಲೆನಿಸ್‌ಳನ್ನು ಮೇಲಿನಿಂದ ಕೆಳಗೆ ನೋಡಿ, ಬೇಲಿಯಾಚೆ ನಿಂತಿದ್ದ ಆಲ್ವಿನ್‌ನನ್ನು ನೋಡಿ, ಮತ್ತೆ ಗ್ಲೆನಿಸ್‌ಳನ್ನು ನೋಡಿದಳು.

"ಓ, ನೀವಾ ಅದು. ಗುರುವಾರ ಗುರುವಾರ ಬಂದಾಗೆಲ್ಲ ತಾನೇ ಮೊಳೆಯಿಂದ ಬೀಗದಕೈ ತಗೊಂಡು ಹೋಗ್ತಾನೆ, ಇವತ್ತು ನೆಂಟನ ಹಾಗೆ ಬೇಲಿ ಆಚೆ ನಿಂತಿದಾನೆ," ಎಂದಳು. ಆಮೇಲೆ ದನಿ ಇಳಿಸಿ, "ಹೇಳಿದಾನೆ ತಾನೇ ನಿಮಗೆ?"

ಗುರುವಾರ. ಗುರುವಾರ ಆಲ್ವಿನ್ ಬಸ್ಸು ಹತ್ತಿ ಹೆರೆಫರ್ಡಿನ ಗ್ರಂಥಾಲಯಕ್ಕೆ ಹೋಗುತ್ತಾನೆ, ಸಂಜೆ ಬರುವಾಗ ಕೆಲವು ಸಲ ಮೊಟ್ಟೆ ತರುತ್ತಾನೆ. ಗ್ರಂಥಾಲಯದಲ್ಲಿ ಮೊಟ್ಟೆ ಎಲ್ಲಿಂದ ಬರಬೇಕು ಎಂದು ಆರು ವರ್ಷದಲ್ಲಿ ಒಂದು ಸಲವಾದರೂ ಯೋಚಿಸದ ತನ್ನ ತಲೆಗೆ ಏನು ಹೇಳಬೇಕು. ಗ್ಲೆನಿಸ್‌ಳ ಕಿವಿ ಬಿಸಿಯಾಯಿತು. ಈ ಹೆಂಗಸಿನ ಎದುರು, ಈ ಕೋಳಿಗಳ ಎದುರು, ಗಂಡ ತನಗೇನೂ ಹೇಳುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದು ಮೇಲು.

"ಹೇಳಿದಾನೆ," ಎಂದಳು.

"ಒಳ್ಳೇದಾಯ್ತು. ಹಾಗಾದ್ರೆ ಜಾಗ ನೋಡಿಕೊಂಡು ಬನ್ನಿ. ಆಚೆ ಮನೆ ಪ್ರೀಸ್‌ನೋರೂ ಕೇಳ್ತಾ ಇದಾರೆ, ಸಂಜೆ ಒಳಗೆ ನಾನು ಹೂಂ ಅಥವಾ ಇಲ್ಲ ಅನ್ನಬೇಕು," ಎಂದು ಮಿಸೆಸ್ ಪ್ರಾಸರ್ ಅಂಗೈಯುದ್ದದ ಕಬ್ಬಿಣದ ಬೀಗದಕೈಯನ್ನು ಅವಳ ಕೈಗಿಟ್ಟಳು. ತಿರುಗಿಸುವಾಗ ಸ್ವಲ್ಪ ಮೇಲಕ್ಕೆತ್ತಬೇಕು, ಇಲ್ಲದಿದ್ದರೆ ಹಟ ಮಾಡುತ್ತದೆ ಎಂದೂ ಹೇಳಿದಳು.

ಒಳಗೆ ತಂಪು, ಮೇಣ ಮತ್ತು ಹಳೇ ಕಾಗದದ ವಾಸನೆ. ಉಳಿದ ಚರ್ಚುಗಳಲ್ಲಿ ಬಾಗಿಲಿನಿಂದಲೇ ಮಾತು ಶುರು ಮಾಡುವ ಆಲ್ವಿನ್ ಇಲ್ಲಿ ಬಾಯಿ ಬಿಡಲಿಲ್ಲ. ಟೋಪಿ ತೆಗೆದ, ಸೀದಾ ಎಡಗಡೆಯ ಮೂರನೆಯ ಬೆಂಚಿಗೆ ಹೋದ, ತನ್ನ ಮನೆಯಲ್ಲಿ ತನ್ನ ಕುರ್ಚಿಗೆ ಹೋಗುವವನ ಹಾಗೆ. ಬೆಂಚುಗಳ ಮುಂದೆ ಪ್ರಾರ್ಥನೆಗೆ ಮಂಡಿಯೂರುವ ದಿಂಬುಗಳು ನೇತಾಡುತ್ತಿದ್ದವು, ಊರ ಹೆಂಗಸರು ಉಣ್ಣೆಯಲ್ಲಿ ಕಸೂತಿ ಹಾಕಿದ್ದು. ಮೀನು, ಗೋಧಿತೆನೆ, ಟ್ರ್ಯಾಕ್ಟರು. ಮೂರನೆಯ ಬೆಂಚಿನದರ ಮೇಲೆ ಒಂದು ಗೂಬೆ. ಗೂಬೆಯ ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದು. ಆಲ್ವಿನ್ ಅದನ್ನು ಕೆಳಗಿಳಿಸಿ ಕೆಟ್ಟ ಮಂಡಿಯನ್ನು ಜೋಪಾನವಾಗಿ ಅದರ ಮೇಲೆ ಊರಿದ. ಯಾರು ಹಾಕಿದ ಕಸೂತಿ ಎಂದು ಕೇಳುವ ಅಗತ್ಯವಿರಲಿಲ್ಲ. ಗ್ಲೆನಿಸ್‌ಗೆ ತಟ್ಟನೆ ಖುಷಿಯಾಯಿತು, ಗೂಬೆಯ ಕಣ್ಣು ಸರಿ ಬಂದಿಲ್ಲ ಎಂದು, ಕಲ್ಲು ಮುಟ್ಟಿ ಶತಮಾನ ಹೇಳುವವಳಿಗೆ ಎರಡು ಕಣ್ಣು ಸಮ ಹಾಕಲು ಬಂದಿಲ್ಲ ಎಂದು. ಸತ್ತವಳ ಹೊಲಿಗೆಯಲ್ಲಿ ತಪ್ಪು ಹುಡುಕುವ ತನ್ನ ಮನಸ್ಸು ಎಷ್ಟು ಚಿಲ್ಲರೆಯದು ಎಂದು ಮರುಕ್ಷಣವೇ ಅನ್ನಿಸಿ, ಆಲ್ವಿನ್ ತಿರುಗಿ ನೋಡುವ ಮೊದಲು ಹೊರಗೆ ಬಂದಳು.

ಸಮಾಧಿ ಹುಡುಕಲು ಕಷ್ಟವಾಗಲಿಲ್ಲ. ಬೇಲಿಯ ಪಕ್ಕದ ಸಾಲು, ಅಗಲವಾದ ಬೂದು ಕಲ್ಲು. ಎಡ ಅರ್ಧದಲ್ಲಿ ಥೆಲ್ಮಾಳ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಬಲ ಅರ್ಧ ಖಾಲಿ ಇರುತ್ತದೆ ಎಂದುಕೊಂಡಿದ್ದಳು. ಖಾಲಿ ಇರಲಿಲ್ಲ. "ಅವಳ ಗಂಡ ಆಲ್ವಿನ್" ಎಂದು ಕೆತ್ತಿತ್ತು, ಹುಟ್ಟಿದ ವರ್ಷ, ಅದರ ಮುಂದೆ ಒಂದು ಅಡ್ಡಗೆರೆ. ಗೆರೆಯ ಆಚೆ ಏನೂ ಇಲ್ಲ. ಇಲ್ಲಿಯವರು ಹೀಗೆ ಮಾಡಿಸುವುದುಂಟು, ಇಬ್ಬರ ಹೆಸರನ್ನೂ ಒಟ್ಟಿಗೆ ಕೆತ್ತಿಸಿ, ಬದುಕಿ ಉಳಿದವರ ಸಾವಿನ ವರ್ಷ ಒಂದನ್ನು ಬಿಟ್ಟಿರುತ್ತಾರೆ. ಬೇರೆಯವರ ಊರಿನ ಬೇರೆಯವರ ಕಲ್ಲುಗಳಲ್ಲಿ ಅವಳು ಎಷ್ಟೋ ಸಲ ನೋಡಿದ್ದಳು, ಅಯ್ಯೋ ಪಾಪ ಎಂದಿದ್ದಳು. ಈಗ ಇದ್ದದ್ದು ತಾನು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕಿಕೊಟ್ಟ ಗಂಡನ ಹೆಸರು. ಅವನು ಬ್ಯಾಂಕಿನಲ್ಲಿ, ಮದುವೆಯ ಪುಸ್ತಕದಲ್ಲಿ, ಎಲ್ಲೆಲ್ಲಿ ತನ್ನ ಹೆಸರಿನ ಪಕ್ಕ ಗ್ಲೆನಿಸ್‌ಳ ಹೆಸರು ಬರೆಯಿಸಿದ್ದನೋ ಅದೆಲ್ಲ ಕಾಗದ, ಇದು ಕಲ್ಲು. ಅವಳ ಗಂಡ ಆಲ್ವಿನ್. ಹಾಗಾದರೆ ನಾನು ಯಾರು, ಅಡ್ಡಗೆರೆಯ ಹೊತ್ತಿನಲ್ಲಿ ಅಡುಗೆ ಮಾಡಿಕೊಟ್ಟವಳಾ. ಅವನ ಪಾಲಿನ ಹುಲ್ಲಿನ ಆಚೆ, ಬೇಲಿಗೂ ಅದಕ್ಕೂ ನಡುವೆ, ಕಿರಿದಾದ ಒಂದು ಪಟ್ಟಿ ಉಳಿದಿತ್ತು. ಅದರ ತಲೆಗೊಂದು ಕಾಲಿಗೊಂದು ಗೂಟ ನೆಟ್ಟು ದಾರ ಕಟ್ಟಿದ್ದರು. ಗುಂಡಿ ತೋಡುವವರ ಅಳತೆ ಇರಬೇಕೆಂದುಕೊಂಡು ಅವಳು ಆ ದಾರವನ್ನು ದಾಟಿ, ಬೇಕೆಂದೇ ಆ ಹುಲ್ಲನ್ನು ತುಳಿದು ನಡೆದಳು.

ಆಮೇಲೆ ಆದದ್ದನ್ನು ಅವಳು ಎಷ್ಟು ಸಲ ನೆನಪಿಸಿಕೊಂಡರೂ ನಡುವೆ ಒಂದು ತುಣುಕು ಸಿಗುತ್ತಿರಲಿಲ್ಲ. ಚರ್ಚಿನ ಮೊಗಸಾಲೆಗೆ ಬಂದಳು. ಬಾಗಿಲು ಅರ್ಧ ತೆರೆದಿತ್ತು. ಹಕ್ಕಿಗಳು ಒಳಗೆ ಹೋಗಿ ನೀರಿಲ್ಲದೆ ಸಾಯುತ್ತವೆ, ದಯವಿಟ್ಟು ಬಾಗಿಲು ಮುಚ್ಚಿ ಎಂಬ ಚೀಟಿ ಓದಿದಳು. ಬಾಗಿಲು ಎಳೆದಳು. ಬೀಗದಕೈಯನ್ನು ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಿದಳು. ಪ್ರತಿ ಶನಿವಾರ, ಪ್ರತಿ ಚರ್ಚಿನಲ್ಲಿ ಮಾಡಿ ಮಾಡಿ ರೂಢಿಯಾದ ಕೆಲಸವನ್ನು ಕೈ ತಾನಾಗಿ ಮಾಡಿತು. ಆಲ್ವಿನ್ ಈಗಾಗಲೇ ಹಿಂದೆ ಹಿಂದೆ ನಡೆದು ಕಾರಿನ ಹತ್ತಿರ ನಿಂತಿರುತ್ತಾನೆ, ಯಾವಾಗಲೂ ನಿಂತಿರುತ್ತಾನೆ. ಕಾರಿನ ಹತ್ತಿರ ಯಾರೂ ಇರಲಿಲ್ಲ. ಅವನು ಒಳಗಿದ್ದಾನೆಂದು ಅವಳಿಗೆ ಆಗ ಗೊತ್ತಾಯಿತು. ಅಥವಾ ಆಗ ಗೊತ್ತಿದೆ ಎಂದು ಒಪ್ಪಿಕೊಂಡಳು. ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ. ಕಾರಿನೊಳಗೆ ಕೂತು, ಬೀಗದಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಜಿನಾಚೆ ಆ ಬಾಗಿಲನ್ನೇ ನೋಡಿದಳು. ಇರಲಿ, ಇಬ್ಬರೂ ಒಳಗೆ ಇರಲಿ, ಅವನೂ ಅವನ ಗೂಬೆಯೂ. ಬಾಗಿಲ ಕೊಂಡಿ ಒಳಗಿನಿಂದ ಎದ್ದು ಬಿದ್ದದ್ದು ಕೇಳಿತು. ಮತ್ತೊಮ್ಮೆ. ಅವನ ಫೋನು ಅವಳ ಚೀಲದಲ್ಲೇ ಇತ್ತು, ಸ್ಯಾಂಡ್‌ವಿಚ್ಚಿನ ಖಾಲಿ ಡಬ್ಬಿಯ ಪಕ್ಕ. ಮಂಡಿ ನೋವಿನ ಮುದುಕ ಕತ್ತಲ ಚರ್ಚಿನಲ್ಲಿ ಬಾಗಿಲು ಜಗ್ಗುತ್ತಿದ್ದಾನೆ, ಇಲ್ಲಿ ನೀನು ಕಾರಿನಲ್ಲಿ ಕೂತಿದ್ದೀಯ, ನೀನೂ ಒಬ್ಬಳು ಹೆಂಗಸಾ ಎಂದು ಬೈದುಕೊಂಡಳು. ಕಾಲು ಮಾತ್ರ ಏಳಲಿಲ್ಲ. ಅದರ ಜೊತೆಗೇ ಒಂದು ಕೆಟ್ಟ ಸಮಾಧಾನವೂ ಇತ್ತು. ಆರು ವರ್ಷದಲ್ಲಿ ಮೊದಲ ಸಲ ಅವನು ಎಲ್ಲಿದ್ದಾನೆ ಎಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಒಂದೇ ಗಂಟೆ, ಭಾರವಾಗಿ. ಗೋಪುರದ ಕೆಳಗೆ ಹಗ್ಗ ತೂಗುತ್ತಿದ್ದುದನ್ನು ಅವಳೂ ನೋಡಿದ್ದಳು. ಮತ್ತೊಂದು ಹೊಡೆಯಿತು, ತಡೆದು ಮತ್ತೆರಡು. ಸೇಬಿನ ತೋಟದಿಂದ ಕಾಗೆಗಳು ಎದ್ದವು. ಹಸಿರು ಬಾಗಿಲು ತೆರೆದು ಮಿಸೆಸ್ ಪ್ರಾಸರ್ ಏಪ್ರನ್ನಿನಲ್ಲೇ ಹೊರಬಂದಳು, ಪಕ್ಕದ ಮನೆಯ ಪ್ರೀಸ್ ಎಂಬ ಮುದುಕ ಬೇಲಿಯ ಮೇಲೆ ಕೈಯಿಟ್ಟು ನಿಂತ. ಯಾರೂ ಓಡಲಿಲ್ಲ. ಇಬ್ಬರೂ ತಲೆ ವಾರೆ ಮಾಡಿ ಎಣಿಸತೊಡಗಿದರು. ಈ ಊರಿನಲ್ಲಿ ಒಂಟಿ ಗಂಟೆ ಹೊಡೆದರೆ ಸಾವು, ಗಂಡಸಾದರೆ ಮೂರು ಸಲ ಮೂರು, ಹೆಂಗಸಾದರೆ ಮೂರು ಸಲ ಎರಡು, ಹಿಂದಿನಿಂದ ಬಂದ ಪದ್ಧತಿ. ಗ್ಲೆನಿಸ್ ಕಾರಿನಿಂದ ಇಳಿದಳು. ಗಂಟೆ ಯಾವ ಲೆಕ್ಕಕ್ಕೂ ಸಿಗದೆ ಹೊಡೆಯುತ್ತಿತ್ತು, ಒಂದು, ನಾಲ್ಕು, ಮತ್ತೆ ಒಂದು.

"ಗಂಡಸೂ ಅಲ್ಲ ಹೆಂಗಸೂ ಅಲ್ಲ," ಎಂದ ಪ್ರೀಸ್.

"ಯಾರಮ್ಮ ಸತ್ತಿದ್ದು?" ಎಂದು ಮಿಸೆಸ್ ಪ್ರಾಸರ್ ಗ್ಲೆನಿಸ್‌ಳನ್ನು ಕೇಳಿದಳು, ಹೊರಗಿನಿಂದ ಬಂದವಳು ಇವಳೊಬ್ಬಳೇ, ಗೊತ್ತಿದ್ದರೆ ಇವಳಿಗೇ ಗೊತ್ತಿರಬೇಕು ಎಂಬಂತೆ.

"ಯಾರೂ ಸತ್ತಿಲ್ಲ. ನನ್ನ ಗಂಡ ಒಳಗಿದಾನೆ," ಎಂದಳು ಗ್ಲೆನಿಸ್. ತನ್ನ ದನಿ ಅಷ್ಟು ಜೋರಾಗಿರುತ್ತದೆಂದು ಅವಳಿಗೇ ತಿಳಿದಿರಲಿಲ್ಲ. "ನಾನೇ ಬೀಗ ಹಾಕಿದೆ."

ಮಿಸೆಸ್ ಪ್ರಾಸರ್ ಅವಳ ಕೈಯಲ್ಲಿದ್ದ ಬೀಗದಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ಜಾಗ ನೋಡೋಕೆ ಬಂದೋರಿಗೆ ಇಷ್ಟು ಅವಸರವಾ ತಾಯಿ, ಎಂದಷ್ಟೇ ಹೇಳಿ ಮುಂದೆ ನಡೆದಳು. ಪ್ರೀಸ್ ಮುದುಕ ಕೆಮ್ಮಿದ ಹಾಗೆ ನಕ್ಕು ಬೇಲಿಯಲ್ಲೇ ಉಳಿದ.

ಬೀಗ ಹಟ ಮಾಡಿತು. ಗ್ಲೆನಿಸ್ ಮೇಲಕ್ಕೆತ್ತುವುದನ್ನು ಮರೆತು ತಿರುಗಿಸುತ್ತಿದ್ದುದರಿಂದ ಕೊನೆಗೆ ಮಿಸೆಸ್ ಪ್ರಾಸರಳೇ ತಿರುಗಿಸಬೇಕಾಯಿತು. ಆಲ್ವಿನ್ ಹೊರಗೆ ಬಂದ. ಮುಖ ಕೆಂಪಾಗಿತ್ತು, ಅಂಗೈಯಲ್ಲಿ ಹಗ್ಗ ಉಜ್ಜಿದ ಗೀರು, ಟೋಪಿ ಎಲ್ಲೋ ಒಳಗೇ ಬಿದ್ದಿತ್ತು. ಅವನು ಬೈಯಬಹುದೆಂದು ಕಾದಳು. ಅವನು ಮೊಗಸಾಲೆಯ ಕಲ್ಲುಬೆಂಚಿನ ನಡುವೆ ಕುಕ್ಕರಿಸಿ, ಉಸಿರು ಕೂಡಿಸಿಕೊಂಡು, "ಬೇಕು ಅಂತ ಮಾಡಿದೆಯಾ?" ಎಂದು ಕೇಳಿದ.

"ಗೊತ್ತಿಲ್ಲ," ಎಂದಳು. ಅದು ನಿಜವಾಗಿತ್ತು.

ಅವನು ತಲೆಯಾಡಿಸಿದ. ಮಿಸೆಸ್ ಪ್ರಾಸರ್ ಮಾತ್ರ ಸೊಂಟದ ಮೇಲೆ ಕೈಯಿಟ್ಟು, ನೀನು ಇವರಿಗೆ ಹೇಳಿದ್ದೀಯೋ ಇಲ್ಲವೋ ಎಂದು ಅವನನ್ನು ಕೇಳಿದಳು. ಅವನು ಇಲ್ಲ ಎಂದ. ಆಗ ಅವಳೇ ಎಲ್ಲವನ್ನೂ ಕಕ್ಕಿದಳು. ಗುರುವಾರ ಗುರುವಾರ ಬಂದು ಅವಳ ಅಡುಗೆಮನೆಯಲ್ಲಿ ಕೂತು ಪ್ರಾಣ ತಿಂದಿದ್ದನಂತೆ, ಬೇಲಿಯ ಪಕ್ಕದ ಆ ಒಂದು ಪಟ್ಟಿ ಬೇಕು ಎಂದು. ತನಗಲ್ಲ, ತನ್ನದು ಆಗಲೇ ಇದೆ, ಗ್ಲೆನಿಸ್‌ಗೆ. ಈ ಊರವಳಲ್ಲದವಳಿಗೆ ಕೊಡಲು ಬರುವುದಿಲ್ಲ ಎಂದು ಎಲ್ಲರೂ ಹೇಳಿದರೂ ಬಿಡದೆ ಪಾದ್ರಿಗಳ ತನಕ ಹೋಗಿ ಒಪ್ಪಿಸಿದ್ದಾನೆ. ಅಂಗಳದಲ್ಲಿ ಉಳಿದಿರುವ ಕೊನೆಯ ಜಾಗ ಅದು. ಗೂಟ ಹೊಡೆದು ದಾರ ಕಟ್ಟಿದವನೂ ಅವನೇ.

ತಾನು ತುಳಿದ ಹುಲ್ಲು ನೆನಪಾಗಿ ಗ್ಲೆನಿಸ್‌ಳ ಅಂಗಾಲು ಜುಮ್ಮೆಂದಿತು. ಅಳು ಬಂತು. ಇಷ್ಟು ಮಾಡಿದವನು ಒಂದು ಮಾತು ಕೇಳಲಾರದೆ ಹೋದನಲ್ಲ ಎಂದು ಅದೇ ಉಸಿರಿನಲ್ಲಿ ಕೋಪವೂ ಬಂತು. ಆಲ್ವಿನ್ ನೆಲ ನೋಡುತ್ತ, ಕಲ್ಲಿನ ಮೇಲೆ ಹೆಸರು ನೋಡಿದರೆ ನೀನು ಏನಂದುಕೊಳ್ಳುತ್ತೀಯೋ ಎಂದು ಕರೆದುಕೊಂಡು ಬರಲು ಧೈರ್ಯ ಬರಲಿಲ್ಲ ಎಂದ. ಆಮೇಲೆ ತರಗತಿಯಲ್ಲಿ ನಕ್ಷೆ ಬಿಡಿಸುವವನ ಹಾಗೆ ಬೆಂಚಿನ ಮೇಲೆ ಬೆರಳಿನಿಂದ ತೋರಿಸಿದ.

"ಥೆಲ್ಮಾ ಈ ಕಡೆ. ನೀನು ಆ ಕಡೆ, ಬೇಲಿ ಹತ್ರ. ಮಧ್ಯ ನಾನು ಇರ್ತೀನಿ."

ಅವಳು ಅವನ ಬೆರಳನ್ನು ನೋಡಿದಳು. ಅವನ ಮುಖದಲ್ಲಿ ಸುಳ್ಳಿರಲಿಲ್ಲ. ಯಾರಿಗೂ ಅನ್ಯಾಯವಾಗದ ಹಾಗೆ ಹಂಚಿದ್ದೇನೆ ಎಂಬ ಮಕ್ಕಳಂಥ ತೃಪ್ತಿ ಇತ್ತು. ಚಾದರದ ಅಂಚು ಅವಳ ಮುಷ್ಟಿಗೆ ಬಂದ ಹಾಗಾಯಿತು. ಅಲ್ಲೂ ಅಂಚು. ಅಲ್ಲಿ ಬೀಳುವ ಭಯವಿಲ್ಲ, ಅಷ್ಟೇ.

"ಸರಿ, ಹೂಂ ಅಂತ ಹೇಳಲಾ?" ಎಂದಳು ಮಿಸೆಸ್ ಪ್ರಾಸರ್.

"ಬೇಡ," ಎಂದಳು ಗ್ಲೆನಿಸ್. "ಪ್ರೀಸ್‌ನೋರಿಗೇ ಕೊಡಿ."

ಆಲ್ವಿನ್ ತಲೆಯೆತ್ತಿದ. ಈ ಆರು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿದ್ದು ಅವಳಿಗೆ ನೆನಪಿರಲಿಲ್ಲ. ಯಾವ ಕಾಲದ್ದೆಂದು ಹೇಳಲಾಗದ ಕಮಾನಿನ ಎದುರು ನಿಂತವನ ಹಾಗೆ ಬಾಯಿ ತೆರೆದಿದ್ದ. ಮಿಸೆಸ್ ಪ್ರಾಸರ್ ಇಬ್ಬರನ್ನೂ ನೋಡಿ, ಬೀಗದಕೈ ಮೊಳೆಗೆ ತಗುಲಿಸಿ ಹೋಗಿ, ಬಾಗಿಲು ತೆರೆದೇ ಇರುತ್ತದೆ ಎಂದು ಹೇಳಿ ಕೋಳಿಗಳ ಕಡೆ ಹೊರಟುಹೋದಳು.

"ಮತ್ತೆ ನೀನು ಎಲ್ಲಿರ್ತೀಯ?" ಎಂದು ಆಲ್ವಿನ್ ಕೇಳಿದ. ದನಿ ಹೆದರಿತ್ತು.

"ಸತ್ತ ಮೇಲಿನದು ಆಮೇಲೆ ನೋಡೋಣ. ಕಾಲು ನೋಯ್ತಿದೆ. ಸ್ವಲ್ಪ ಆ ಕಡೆ ಸರಿ, ಕೂರಬೇಕು."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಎರಡೂ ಪಕ್ಕ ನೋಡಿದ. ಆಮೇಲೆ ಕೆಟ್ಟ ಮಂಡಿಯನ್ನು ಕೈಯಿಂದ ಎತ್ತಿ ಇಡುತ್ತ, ಬಾಗಿಲ ಕಡೆಯ ಅಂಚಿನ ತನಕ ಸರಿದ. ಅವಳು ಕೂತಳು. ಅವನು ಕೂತಿದ್ದ ಕಡೆ ಕಲ್ಲು ಬೆಚ್ಚಗಿತ್ತು.